ಅಪ್ಪನ ಅಂಬಾಸಿಡರಿಗೆ ನಾನು ಕೊಟ್ಟ ಹೊಳಪು

ಕಾರಿಗೆ ಮೇಣ ಹಚ್ಚುವುದೇನು ಮಹಾ ವಿದ್ಯೆ? ಹಚ್ಚಬೇಕು, ಒಣಗಬೇಕು, ಒರೆಸಬೇಕು. ಅಷ್ಟೇ! ನಾನು ಆಳಂದದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಬಣ್ಣ, ಹೊಳಪು ಅಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಂಬಿಕೊಂಡಿದ್ದವನು. ಬೇಸಿಗೆಯ ಒಂದು ಶನಿವಾರದವರೆಗೆ ಆ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಆ ವರ್ಷ ನನ್ನ ಅಪ್ಪ ಶರಣಪ್ಪನಿಗೆ ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ಬಾಯಿ ಸೊಟ್ಟಾಗಿ ಮಾತು ನಿಂತಿತ್ತು. ತೊಗರಿ ಅಡತಿ ಅಂಗಡಿಯಲ್ಲಿ ನಿಂತು ಕೂಗಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸುತ್ತಿದ್ದ ಮನುಷ್ಯ, ಈಗ ಯಾರಾದರೂ ನೋಡಲು ಬಂದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದ. ಹೊಸಿಲು ದಾಟಿ ಹೊರಗೆ ಬರಲು ಸುತಾರಾಂ ಒಪ್ಪುತ್ತಿರಲಿಲ್ಲ.

ಅಂಥದರಲ್ಲಿ ಜೇವರ್ಗಿಯಿಂದ ಸುದ್ದಿ ಬಂತು. ಅಪ್ಪನ ಬಾಲ್ಯದ ಗೆಳೆಯ ಸಿದ್ರಾಮಪ್ಪ ಕಾಕಾನ ಆಸೆ ಡಾಕ್ಟರು ಬಿಟ್ಟಿದ್ದರು. 'ಶರಣಪ್ಪನ ಮಾರಿ ಒಮ್ಮೆ ನೋಡಿ ಹೋಗ್ತೇನಿ' ಎಂದು ಕಾಕಾ ಜೀವ ಹಿಡಿದಿದ್ದಾನೆ ಎಂದರು. ಸುದ್ದಿ ಕೇಳಿ ಅಪ್ಪ ಎಡಗೈ ಎತ್ತಿ, ಬೇವಿನ ಮರದ ಕೆಳಗೆ ತಿಂಗಳುಗಟ್ಟಲೆ ನಿಂತಿದ್ದ ತನ್ನ ಕರಿ ಅಂಬಾಸಿಡರ್ ತೋರಿಸಿ, ಅಂಗೈಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿದ. ಅಪ್ಪ ಹೊರಡುತ್ತಾನೆ!

"ಮಾವನವರು ಧೂಳ ಒರಸು ಅನ್ನಾಕತ್ತಾರ," ಎಂದಳು ನನ್ನ ಹೆಂಡತಿ ಶಾಂತಾ. "ಒಂದು ಬಕೆಟ್ ನೀರು, ಒಂದು ಹಸಿ ಅರಿವಿ ಸಾಕು. ಬಿಸಲೇರೂದ್ರಾಗ ಹೊರಡ್ರಿ."

ನಾನು ಅಷ್ಟಕ್ಕೆ ನಿಲ್ಲುವವನೇ? ಜೇವರ್ಗಿಯಲ್ಲಿ ಇಳಿದ ಕೂಡಲೇ ಮಂದಿಯೆಲ್ಲ ಅಪ್ಪನ ಬಾಯಿಯನ್ನೇ ನೋಡುತ್ತಾರೆ. ಗಾಡಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಗಾಡಿಯನ್ನು ನೋಡುತ್ತಾರೆ. ಇದು ನನ್ನ ಘನವಾದ ಸಿದ್ಧಾಂತ. ಸೋಲಾಪುರದಿಂದ ತರಿಸಿದ್ದ ಮೇಣದ ಡಬ್ಬಿ ಮನೆಯಲ್ಲೇ ಇತ್ತು. ಬೇಕಾಗಿದ್ದು ಮಷೀನು ಮಾತ್ರ.

ಮಷೀನು ಖಾಜಾಭಾಯ್ ಹತ್ತಿರ ಇತ್ತು. ಶಹಾಬಾದಿ ಫರಸಿಕಲ್ಲು ಹಾಸಿದ ಮನೆಗಳಿಗೆ ಪಾಲಿಶ್ ಹೊಡೆಯುವುದು ಆತನ ಕಸುಬು. ಕಾರಿಗೆ ನಡೆಯುತ್ತದೆಯೇ ಎಂದು ಕೇಳಿದೆ.

"ಅರೆ ಮಾಸ್ತರ್ರೇ, ನಾ ತಿಕ್ಕಿದ ಫರಸಿ ನೋಡ್ಕೊಂಡು ಮಂದಿ ಗಡ್ಡ ಮಾಡ್ಕೋತಾರ! ಅದರ ಮುಂದ ಮೋಟಾರ್ ಏನ್ ಚೀಜ್ರಿ?" ಎಂದ. ಕೈಯಲ್ಲಿ ಹಿಡಿಯುವ ಮಷೀನು, ಅದಕ್ಕೆ ತೊಡಿಸುವ ಉಣ್ಣೆಯ ಟೊಪ್ಪಿಗೆ ಕೊಟ್ಟ. ಕಲ್ಲು ತಿಕ್ಕುವ ಎರಡು ಚಕ್ರಗಳನ್ನೂ ಚೀಲಕ್ಕೆ ಹಾಕಿ, "ಇರ್ಲಿ ತಗೋರಿ, ಬೇಕಾಗಬಹುದು," ಎಂದ. ಕಾರಿನ ವಿಷಯದಲ್ಲಿ ಆತನಿಗೂ ನನ್ನಷ್ಟೇ ಗೊತ್ತಿತ್ತು, ಧೈರ್ಯವೂ ನನ್ನಷ್ಟೇ ಇತ್ತು.

ಮೇಣವನ್ನು ತೆಳ್ಳಗೆ, ನೆರಳಿನಲ್ಲಿ ಹಚ್ಚಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ಓದಿದ್ದು ಆಮೇಲೆ. ಬೇವಿನ ಎಲೆಗಳು ಬೀಳುತ್ತವೆ ಎಂದು ಗಾಡಿಯನ್ನು ತಳ್ಳಿಸಿ ಬಿಸಿಲಿಗೆ ತಂದೆ. ಜಿಪುಣತನ ಯಾಕೆ ಎಂದು ಹೋಳಿಗೆಗೆ ತುಪ್ಪ ಸುರಿದ ಹಾಗೆ ಮೇಣ ಸುರಿದು ಮೈಗೆಲ್ಲ ಬಳಿದೆ. ಹೊಳೆಯುವುದಾದರೆ ಪೂರಾ ಹೊಳೆಯಲಿ ಎಂದು ಮುಂದಿನ ಗಾಜಿಗೂ, ದೀಪಗಳಿಗೂ ಬಳಿದೆ. ಎಡಗಡೆಗೆ ಮಷೀನು ಹಿಡಿದಾಗ, ಆಹಾ, ನಿಜವಾಗಿಯೂ ಹೊಳೆಯಿತು! ನನ್ನ ಮೀಸೆಯ ಬಿಳಿಕೂದಲು ಬಾಗಿಲಿನಲ್ಲಿ ಎಣಿಸಬಹುದಿತ್ತು. ಬಲಗಡೆಗೆ ತಿರುಗುವಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬರುವವರೆಗೆ ಆಳಂದದ ಬಿಸಿಲು ತನ್ನ ಕೆಲಸ ಮಾಡಿತು. ಮೇಣ ಬೆಳ್ಳಗಾಗಿ, ಒಣಗಿ, ಗಾರೆಯ ಹಾಗೆ ಕಚ್ಚಿಕೊಂಡಿತು. ಪಕ್ಕದ ಮನೆಯ ಗುರಮ್ಮಾಯಿ ನೀರು ತರುತ್ತಿದ್ದವಳು ನಿಂತು ನೋಡಿದಳು. ಬಿಂದಿಗೆ ಕೆಳಗಿಟ್ಟಳು. ಬಾನೆಟ್ ಮುಟ್ಟಿದ ಕೈ ಹಣೆಗೆ ಒತ್ತಿಕೊಂಡಳು.

"ಗಾಡಿಗಿ ಮೈತುಂಬ ವಿಭೂತಿ ಹಚ್ಚೀಯಲ್ಲೋ ಯಪ್ಪಾ! ಚೊಲೊ ಮಾಡಿದಿ. ನಿಮ್ಮಪ್ಪ ಅರಾಮ ಆಗ್ತಾನ."

ಅಲ್ಲ ಆಯಿ, ಇದು ಮೇಣ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆ ಹೋಗಿ ಓಣಿಯಲ್ಲಿ ಸುದ್ದಿ ಹೇಳಿದಳು. ಇನ್ನಿಬ್ಬರು ಹೆಂಗಸರು ಬಂದು ಮಡ್‌ಗಾರ್ಡಿಗೆ ಕುಂಕುಮ ಹಚ್ಚಿ ಹೋದರು. ಒಣಗಿದ ಮೇಣದ ಮೇಲೆ ಅದೂ ಕೂತಿತು.

ಮಧ್ಯಾಹ್ನ ಇಳಿದ ಮೇಲೆ ಕರೆಂಟು ಬಂತು. ಉಣ್ಣೆಯ ಟೊಪ್ಪಿಗೆ ಆ ಗಾರೆಯ ಮೇಲೆ ನಾಲ್ಕು ಸುತ್ತು ತಿರುಗಿ, ಹರಿದು, ಹಾರಿ ಗುರಮ್ಮಾಯಿಯ ಮಾಳಿಗೆ ಸೇರಿತು.

"ಚಿಮಣಿ ಎಣ್ಣಿ ಹಚ್ಚಿ ಅರಿವೀಲೆ ಒರಸ್ರಿ," ಎಂದು ಶಾಂತಾ ಸೀಮೆಎಣ್ಣೆಯ ಬಾಟಲಿ ತಂದಿಟ್ಟಳು. "ಸಂಜಿ ಆಗಾಕತ್ತೈತಿ. ಅಲ್ಲಿ ಕಾಕಾರ ಜೀವ ಹೋಗೋ ಹೊತ್ತು, ಇಲ್ಲಿ ನಿಮ್ಮ ಶೃಂಗಾರ!"

"ನೀ ಒಳಗ ಹೋಗ. ಮಷೀನಿನ ಕೆಲಸ ಮಷೀನೇ ಮಾಡಬೇಕು," ಎಂದೆ. ಟೊಪ್ಪಿಗೆ ಇಲ್ಲವಲ್ಲ? ಚೀಲದಲ್ಲಿ ಚಕ್ರ ಇತ್ತಲ್ಲ! ಫರಸಿಯನ್ನೇ ನುಣುಪು ಮಾಡುವ ಚಕ್ರ, ಮೇಣವನ್ನು ಬಿಟ್ಟೀತೇ?

ಬಿಡಲಿಲ್ಲ. ಮೇಣ ಹೋಯಿತು. ಮೇಣದ ಹಿಂದೆಯೇ ಕರಿ ಬಣ್ಣ ಹೋಯಿತು. ಕೆಳಗಿನ ಕೆಂಪು ಬಣ್ಣ ಹೋಯಿತು. ಕಿಡಿ ಹಾರಿದಾಗಲೇ ತಗಡು ತಲುಪಿದ್ದೇನೆ ಎಂದು ತಿಳಿದದ್ದು. ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಸಮ ಮಾಡಬೇಕಲ್ಲ? ಸಮ ಮಾಡುತ್ತ ಹೋದೆ. ಬಲಗಡೆಯ ಎರಡು ಬಾಗಿಲು, ಮಡ್‌ಗಾರ್ಡು, ಬಾನೆಟ್ಟಿನ ಅರ್ಧ ಎಲ್ಲವೂ ಹುಣ್ಣಾದ ಚರ್ಮದ ಹಾಗೆ ಕಂಡವು. ಎಡಗಡೆ ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು.

ಓಣಿ ಕೂಡಿತು. ಗುರಮ್ಮಾಯಿ ಮತ್ತೆ ಬಂದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನೇ! ಗಾಡಿಗೂ ಲಕ್ವಾ ಹೊಡೀತೇನೋ ಯಪ್ಪಾ?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ಕಿಟಕಿ ಕಡೆ ನೋಡಿ ಹಿಂದೆ ಸರಿದರು. ಅಪ್ಪ ಕಿಟಕಿಯ ಸರಳು ಹಿಡಿದು ಕೂತಿದ್ದ. ಎಲ್ಲವನ್ನೂ ನೋಡಿದ್ದ, ಕೇಳಿದ್ದ. ನಾನು ಮಷೀನನ್ನು ನೆಲಕ್ಕಿಟ್ಟೆ. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಅದೇ ಹೊತ್ತಿಗೆ ಎದುರಿನ ಕಿರಾಣಿ ಅಂಗಡಿಗೆ ಜೇವರ್ಗಿಯಿಂದ ಫೋನು ಬಂತು. ಕಾಕಾ ಬೆಳಗಾಗುವವರೆಗೆ ಉಳಿಯುವುದೇ ಅನುಮಾನವಂತೆ. ಆಗಲೇ ಹೊರಡೋಣವೆಂದರೆ ಗಾಜಿನ ಮೇಲೆ ಮೇಣ, ದೀಪದ ಮೇಲೆ ಮೇಣ. ಕತ್ತಲಲ್ಲಿ ಆ ಗಾಡಿ ಓಡಿಸಿದರೆ ಕಾಕಾನಿಗಿಂತ ಮೊದಲು ನಾವೇ ಹೋಗುತ್ತಿದ್ದೆವು. ಬಾಡಿಗೆ ಜೀಪು ತರುತ್ತೇನೆಂದರೆ ಅಪ್ಪ ಎಡಗೈಯಿಂದ ಮಂಚವನ್ನು ಗುದ್ದಿ ಅಂಬಾಸಿಡರನ್ನೇ ತೋರಿಸಿದ. ಮುಂಜಾನೆಯೇ ಧೂಳು ಒರೆಸಿ ಹೊರಟಿದ್ದರೆ ಇಷ್ಟು ಹೊತ್ತಿಗೆ ಗೆಳೆಯರಿಬ್ಬರೂ ಎದುರುಬದುರು ಕೂತಿರುತ್ತಿದ್ದರು.

ನಸುಕಿನಲ್ಲಿ ಹೊರಟೆವು. ಶಾಂತಾ ಚಿಮಣಿ ಎಣ್ಣೆ ಹಚ್ಚಿ ಗಾಜು ತಿಕ್ಕಿದ್ದಳು, ಆದರೂ ಸೂರ್ಯ ಏರಿದ ಮೇಲೆ ಎದುರಿಗೆ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ವೈಪರ್ ಹಾಕಿದರೆ ಇನ್ನಷ್ಟು ಹರಡಿತು. ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎತ್ತಿನ ಗಾಡಿಗಳಿಗೆ ದಾರಿ ಬಿಟ್ಟುಕೊಡುತ್ತ, ಗುಲ್ಬರ್ಗಾ ದಾಟಿ, ಭೀಮಾ ಸೇತುವೆ ದಾಟಿ ಜೇವರ್ಗಿ ಮುಟ್ಟಿದೆ. ಪಕ್ಕದಲ್ಲಿ ಅಪ್ಪ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಕಾಕಾ ಇನ್ನೂ ಇದ್ದ! ಕಿಟಕಿ ಪಕ್ಕದ ಮಂಚದ ಮೇಲೆ, ಮೂಳೆಯ ಹಂದರವಾಗಿ. ಅಪ್ಪನನ್ನು ಎತ್ತಿಕೊಂಡು ಹೋಗಿ ಮಂಚದ ಅಂಚಿಗೆ ಕೂರಿಸಿದೆವು. ಒಬ್ಬನಿಗೆ ಏಳಲು ಆಗದು, ಇನ್ನೊಬ್ಬನಿಗೆ ಮಾತಾಡಲು ಆಗದು. ಅಪ್ಪ ಸೊಟ್ಟ ಬಾಯಿಯನ್ನು ಹೆಗಲ ಮೇಲಿನ ಟವೆಲಿನಿಂದ ಮುಚ್ಚಿಕೊಂಡ. ಕಾಕಾ ಅವನನ್ನೇ ನೋಡಿದ. ಆಮೇಲೆ ಮೆಲ್ಲಗೆ ಕಿಟಕಿಯಾಚೆ ನಿಂತಿದ್ದ ಗಾಡಿ ನೋಡಿದ.

"ಶರಣ್ಯಾ," ಎಂದ, ಉಸಿರಿಗಿಂತ ಸಣ್ಣ ದನಿಯಲ್ಲಿ. "ಹೋಗೂ ಪಾಳಿ ನಂದು ಅಂದ್ಕೊಂಡಿದ್ದೆ... ನಿನ್ನ ಗಾಡೀನ ಮುಂದ ಹೊಂಟೈತಲ್ಲೋ!"

ಅಪ್ಪ ನನ್ನ ಕಡೆ ಬೆರಳು ಮಾಡಿದ.

"ಇವನ ಮಾಡಿದ್ದಾ? ಬೇಶ್ ಮಗನ! ನನಗೂ ಸ್ವಲ್ಪ ತಿಕ್ಕು ಬಾ, ಲಗೂನ ಹೋಗ್ತೇನಿ!"

ಅಪ್ಪನ ಹೆಗಲು ಕುಲುಕಿತು. ಟವೆಲು ಕೆಳಗೆ ಬಿತ್ತು. ಅರ್ಧ ಬಾಯಿಯಲ್ಲೇ, ಜೊಲ್ಲು ಸುರಿಸುತ್ತ, ಗೊರಗೊರ ಸದ್ದು ಮಾಡುತ್ತ ಅಪ್ಪ ನಕ್ಕ. ಕಾಕಾ ಕೆಮ್ಮುತ್ತ ನಕ್ಕ. ಕಾಕಾನ ಹೆಂಡತಿ ನಾಗಮ್ಮ ಕಾಕಿ ಒಮ್ಮೆ ಇವನ ಬಾಯಿ, ಒಮ್ಮೆ ಅವನ ಬಾಯಿ ಒರೆಸುತ್ತ ಅಳುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಅತ್ತೆ.

ಎರಡು ದಿನಕ್ಕೆ ಕಾಕಾ ಹೋಗಿಬಿಟ್ಟ. ಅದೇ ಗಾಡಿಯಲ್ಲಿ ಮತ್ತೆ ಹೋದೆವು. ಮಣ್ಣಿಗೆ ಒಯ್ಯಲು ಕಟ್ಟಿದ ವಿಮಾನದಲ್ಲಿ ಕೂರಿಸಿದ್ದ ಗೆಳೆಯನ ಹಣೆಗೆ ಅಪ್ಪ ಎಡಗೈಯಲ್ಲೇ ವಿಭೂತಿ ಹಚ್ಚಿದ. ಮಣ್ಣು ಮುಗಿಸಿ ಹೊರಡುವಾಗ ನಾಗಮ್ಮ ಕಾಕಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವು ಹೋದ ಮ್ಯಾಲೆ ಅವರು ಮಾತಾಡಲೇ ಇಲ್ಲಪಾ. ಆ ನಗೂನ ಕಡೀದು. ನಿನ್ನ ಉಪಕಾರ ನಾ ಹೆಂಗ ಮರೀಲಿ?"

ನನ್ನ ಕೈಚಳಕವನ್ನು ಇಡೀ ಜನ್ಮದಲ್ಲಿ ಮನಸಾರೆ ಹೊಗಳಿದ್ದು ಆಕೆ ಒಬ್ಬಳೇ. ಅದನ್ನು ನಾನು ತಲೆ ತಗ್ಗಿಸಿಕೊಂಡೇ ಸ್ವೀಕರಿಸಿದೆ.