ಕಳಸಗಿತ್ತಿಗೆ ಗಂಡನ ಪಟ್ಟ ಕಟ್ಟಿದ ಯಂತ್ರ

"ಇದರ ಮುಂದೆ ವೀಸಾ ಆಫೀಸಿನವರೂ ಕೈಕಟ್ಟಿ ನಿಲ್ಬೇಕು ಕಣೇ ಪಂಕಜಾ!" ಎಂದು ನಮ್ಮ ಯಜಮಾನರು ಹಾಲ್‌ನಲ್ಲಿದ್ದ ಹಳೇ ಕಬ್ಬಿಣದ ಬೀರುವಿನ ಬೆನ್ನು ತಟ್ಟಿದರು. ಬೀರು ಗುರ್ ಎಂದಿತು.

ತುಮಕೂರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ರಂಗಧಾಮಯ್ಯ ಎಂದರೆ ಇವರೇ. ಇವರ ಕೈಗೆ ಸಿಕ್ಕ ಯಾವ ಸಾಮಾನೂ ಮೊದಲಿದ್ದ ಹಾಗೆ ಉಳಿದ ದಾಖಲೆಯಿಲ್ಲ. ಈ ಸಲ ಬೀರುವಿನ ಹೊಟ್ಟೆಗೆ ಜೆರಾಕ್ಸ್ ಮೆಷಿನ್ನು, ಸ್ಕೂಟರ್ ಬ್ಯಾಟರಿ, ಕ್ಯಾಮೆರಾ, ಸ್ಪೀಕರು ಎಲ್ಲ ತುರುಕಿ 'ದಾಂಪತ್ಯ ದೃಢೀಕರಣ ಯಂತ್ರ' ಎಂದು ಬೋರ್ಡು ಬರೆದಿದ್ದರು!

ಅದೂ ಯಾವತ್ತು? ನನ್ನ ತಂಗಿ ಚಂದನಾ ವೀಸಾ ಅರ್ಜಿ ಕೊಡಬೇಕಾದ ದಿನ! ಅವಳ ಗಂಡ ಲೋಹಿತ್ ಫಿನ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಇಬ್ಬರೂ ಒಟ್ಟಿಗೆ ಇದ್ದದ್ದು ಬರೀ ಹತ್ತೊಂಬತ್ತು ದಿನ. ಅವತ್ತು ಮಧ್ಯಾಹ್ನ ಎರಡೂವರೆಗೆ ಬೆಂಗಳೂರಿನಲ್ಲಿ ಅವಳ ಸರದಿ, ತಪ್ಪಿದರೆ ಇನ್ನು ಐದು ತಿಂಗಳು ಕಾಯಬೇಕು ಎಂದು ಏಜೆಂಟು ಹೇಳಿದ್ದ. ಒಂದೊಂದು ಕಾಗದಕ್ಕೂ ಅವಳು ಪಟ್ಟ ಪಾಡು ನನಗೆ ಗೊತ್ತು. ಮದುವೆ ಸರ್ಟಿಫಿಕೇಟು ದೆಹಲಿವರೆಗೆ ಹೋಗಿ ಸೀಲು ಹಾಕಿಸಿಕೊಂಡು ಬಂದಿತ್ತು.

"ರೀ, ಫೈಲು ರೆಡಿ ಇದೆ. ಬೆಳಿಗ್ಗೆ ಬೆಳಿಗ್ಗೆ ಈ ಬೀರು ಯಾಕ್ರೀ?" ಎಂದೆ.

"ಅಲ್ಲಿ ಹೋದ್ಮೇಲೆ ನಿಮ್ದು ನಿಜವಾದ ಮದುವೆ ಅಲ್ಲ ಅಂದ್ಬಿಟ್ರೆ? ಪರೀಕ್ಷೆ ಇಲ್ಲೇ ಆಗ್ಲಿ! ಆ ಆಫೀಸರಿಗಿಂತ ಎರಡು ಪಟ್ಟು ಅನುಮಾನ ತುಂಬಿದೀನಿ ಇದಕ್ಕೆ."

"ಅಷ್ಟು ಅನುಮಾನ ಎಲ್ಲಿಂದ ತಂದ್ರಿ?"

"ನಿನ್ನ ನೋಡ್ಕೊಂಡೇ ಕಲಿಸ್ದೆ!"

ನಾನು ಉತ್ತರ ಕೊಡುವಷ್ಟರಲ್ಲಿ, ಭಾವನ ಮಾತಿಗೆ ಎಂದೂ ಇಲ್ಲ ಎನ್ನದ ಚಂದನಾ ಇಡೀ ಫೈಲನ್ನು ಬೀರುವಿನ ಬಾಯಿಗೆ ಇಟ್ಟೇಬಿಟ್ಟಳು. ಪಾಸ್‌ಪೋರ್ಟು, ಸರ್ಟಿಫಿಕೇಟು, ಮದುವೆ ಫೋಟೋಗಳು, ಗಂಡ ಹೆಂಡತಿಯ ವಾಟ್ಸಾಪ್ ಮಾತುಕತೆಯ ಪ್ರಿಂಟು, ಎಲ್ಲವೂ ಸರ್ರನೆ ಒಳಗೆ ಹೋದವು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

"ದಯವಿಟ್ಟು ಗಮನಿಸಿ," ಎಂದಿತು ಯಂತ್ರ, ರೈಲ್ವೆ ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ. "ಪಾಸ್‌ಪೋರ್ಟು ಸರಿಯಿದೆ. ಸರ್ಟಿಫಿಕೇಟು ಸರಿಯಿದೆ. ಈಗ ಫೋಟೋ ಪರಿಶೀಲನೆ."

"ನೋಡಿದ್ಯಾ?" ಎಂದು ಯಜಮಾನರು ಮೀಸೆ ತಿರುವಿದರು.

ಎರಡು ನಿಮಿಷ ಬಿಟ್ಟು ಕೆಂಪು ದೀಪ ಹೊತ್ತಿತು. "ಅರ್ಜಿದಾರಳ ಪಕ್ಕದಲ್ಲಿ ಎಲ್ಲಾ ಫೋಟೋಗಳಲ್ಲೂ ಇರುವ ಸಂಗಾತಿಯ ಹೆಸರು ಪಂಕಜಾ. ಲೋಹಿತ್ ಎಂಬುವವರು ಕಂಡುಬಂದಿಲ್ಲ. ಬಾಸಿಂಗ ಕಟ್ಟಿಕೊಂಡ ಅಪರಿಚಿತರೊಬ್ಬರು ಆಗಾಗ ಕಾಣಿಸಿಕೊಂಡಿದ್ದಾರೆ."

ಮದುವೆಯಲ್ಲಿ ನಾನೇ ಕಳಸಗಿತ್ತಿ. ಕಳಸ ಕನ್ನಡಿ ಹಿಡಿದು ಹೆಣ್ಣಿನ ಮಗ್ಗುಲು ಬಿಡದೆ ನಿಲ್ಲಬೇಕಾದ್ದು ನಮ್ಮಲ್ಲಿ ಪದ್ಧತಿ. ಧಾರೆಗೂ ನಿಂತೆ, ಆರತಕ್ಷತೆಗೂ ನಿಂತೆ. ಪಾಪ, ಲೋಹಿತನ ಮುಖ ಧಾರೆಯಲ್ಲಿ ಬಾಸಿಂಗದ ಹಿಂದೆ, ಆರತಕ್ಷತೆಯಲ್ಲಿ ಹಾರದ ಹಿಂದೆ. ನನ್ನ ಮುಖವೋ, ಎಲ್ಲದರಲ್ಲೂ ಹಲ್ಲು ಕಿರಿದುಕೊಂಡು ಸ್ಪಷ್ಟವಾಗಿದೆ!

"ಅದಲ್ಲದೆ," ಎಂದಿತು ಯಂತ್ರ, "ಪಂಕಜಾ ಅವರಿಗೆ ಈಗಾಗಲೇ ಒಬ್ಬ ಗಂಡ ಇರುವ ಗುಮಾನಿಯಿದೆ. ದಾಖಲೆಗಳನ್ನು ಮುಟ್ಟುಗೋಲು ಹಾಕಲಾಗಿದೆ."

"ರೀ! ತೆಗೀರಿ ಬಾಗ್ಲು!"

ಯಜಮಾನರು ಹಿಡಿ ಎಳೆದರು. ಬರಲಿಲ್ಲ. ಪ್ಲಗ್ಗು ಕಿತ್ತರು. ಬ್ಯಾಟರಿ ಇತ್ತಲ್ಲ, ದೀಪ ಆರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ ಕೂಡಲೇ ಒಳಗೆ ಏನೋ ಕರಕರ ಹಲ್ಲು ಮಸೆಯಿತು.

"ಅದೇನ್ರೀ ಸದ್ದು?"

ಯಜಮಾನರ ಮುಖ ಇಷ್ಟೇ ಇಷ್ಟಾಯಿತು. "ಅದು... ಕಾಗದ ಚೂರು ಮಾಡೋ ಬ್ಲೇಡು. ನಕಲಿ ದಾಖಲೆ ಹೊರಗೆ ಹೋಗ್ಬಾರ್ದಲ್ಲ, ಅದಕ್ಕೇ..."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!"

ಚಂದನಾ ಬೀರುವಿನ ಬಾಗಿಲಿಗೆ ಎರಡೂ ಕೈ ಒತ್ತಿಕೊಂಡು ನಿಂತುಬಿಟ್ಟಳು. ಗಂಟೆ ಆಗಲೇ ಹತ್ತೂವರೆ. ಬೀದಿಯಲ್ಲಿ ಬಾಡಿಗೆ ಕಾರಿನವನು ಹಾರ್ನು ಹೊಡೆಯುತ್ತಿದ್ದ.

"ಈಗ ಮಾತುಕತೆ ಪರಿಶೀಲನೆ," ಎಂದಿತು ಯಂತ್ರ. "'ಊಟ ಆಯ್ತಾ' ನಾನೂರ ಹನ್ನೆರಡು ಸಲ. 'ಆಯ್ತು' ನಾನೂರ ಹನ್ನೊಂದು ಸಲ. ಬೇರೆ ವಿಷಯ ಇಲ್ಲ. ಸಂಬಂಧ: ಮೆಸ್ಸಿನ ಮಾಲೀಕರು ಮತ್ತು ಗಿರಾಕಿ. ಹತ್ತು ನಿಮಿಷದಲ್ಲಿ ದಾಂಪತ್ಯದ ಪುರಾವೆ ಒದಗಿಸದಿದ್ದರೆ ದಾಖಲೆಗಳನ್ನು ನಾಶ ಮಾಡಲಾಗುವುದು."

"ಲೋಹಿತನಿಗೆ ಫೋನ್ ಹಚ್ಚೇ!" ಎಂದು ನಾನು ಕಿರುಚಿದೆ.

ವಿಡಿಯೋದಲ್ಲಿ ಲೋಹಿತ್ ಟವೆಲ್ ಹೊದ್ದುಕೊಂಡು ಬಂದ. ವಿಷಯ ಹೇಳಿದೆವು. "ಮಾತಾಡಪ್ಪಾ! ಹೆಂಡ್ತಿ ಹತ್ರ ಗಂಡನ ಥರ ಮಾತಾಡು!" ಎಂದು ಯಜಮಾನರು ಫೋನನ್ನು ಯಂತ್ರದ ಮೂಗಿಗೆ ಹಿಡಿದರು.

ನಾವಿಬ್ಬರೂ ಎದುರಿಗೆ ಕಣ್ಣು ಬಿಟ್ಟುಕೊಂಡು ನಿಂತಿದ್ದರೆ ಪಾಪ ಹುಡುಗ ಏನು ಮಾತಾಡಿಯಾನು? ಕೆಮ್ಮಿದ. ತಲೆ ಕೆರೆದುಕೊಂಡ. "ತಿಂಡಿ ಆಯ್ತಾ?" ಎಂದ.

"ಹೂಂ," ಎಂದಳು ಚಂದನಾ.

"ಮೆಸ್ಸಿನ ಮಾಲೀಕರು," ಎಂದಿತು ಯಂತ್ರ. "ನಾಲ್ಕು ನಿಮಿಷ ಬಾಕಿ."

ಬ್ಲೇಡು ತಿರುಗಲು ಶುರುವಾಯಿತು. ಲೋಹಿತ್ ಬೆವರು ಒರೆಸಿಕೊಂಡು, "ಹೋಗ್ಲಿ ಬಿಡು ಚಂದನಾ, ಇನ್ನೊಂದ್ಸಲ ಹಾಕಿದ್ರಾಯ್ತು," ಎಂದುಬಿಟ್ಟ!

ಅಷ್ಟೇ. ನನ್ನ ತಂಗಿ ಫೋನು ಕಿತ್ತುಕೊಂಡಳು.

"ಹೋಗ್ಲಿ ಬಿಡು? ಹೋಗ್ಲಿ ಬಿಡು ಅಂತೀರಾ? ಹದಿನಾಲ್ಕು ತಿಂಗಳಿಂದ ಒಂದೊಂದು ಆಫೀಸಿಗೂ ಚಪ್ಪಲಿ ಸವೆಸಿದೋಳು ನಾನು! ಇದ್ದ ಹತ್ತೊಂಬತ್ತು ದಿನದಲ್ಲಿ ಎಂಟು ದಿನ ನಿಮ್ಮ ನೆಂಟರ ಮನೆ ಊಟ! ನನ್ನ ಜೊತೆ ನೆಟ್ಟಗೆ ಕೂತು ಒಂದು ಮಾತಾಡಿದ್ರಾ?"

"ನಾನೇನು ಇಲ್ಲಿ ಹಬ್ಬ ಮಾಡ್ತಾ ಇದೀನಾ?" ಲೋಹಿತನ ದನಿಯೂ ಏರಿತು. "ನೀನು ಬರ್ತೀಯ ಅಂತ ಎರಡು ತಟ್ಟೆ ತಂದಿಟ್ಟು ಎಂಟು ತಿಂಗಳಾಯ್ತು! ಒಂದ್ರಲ್ಲೇ ಉಣ್ತಾ ಇದೀನಿ! ಇನ್ನೊಂದ್ನ ದಿನಾ ಒರೆಸಿ ಇಡ್ತೀನಿ!"

"ಅದನ್ನ ಬಾಯಿ ಬಿಟ್ಟು ಹೇಳೋಕೇನು ರೋಗ?"

"ಊಟ ಆಯ್ತಾ ಅಂದ್ರೆ ಆಯ್ತು ಅಂತೀಯ! ಆಮೇಲೆ ಏನು ಹೇಳ್ಲಿ?"

"ನೀವು ಬೇರೆ ಏನಾದ್ರೂ ಕೇಳ್ಬೇಕಿತ್ತು! ಇನ್ನೈದು ತಿಂಗಳು ನನ್ನ ಕೈಲಾಗಲ್ಲ! ನಂಗೆ ಅಲ್ಲಿಗೆ ಬರ್ಬೇಕು, ಈಗಲೇ ಬರ್ಬೇಕು!" ಎಂದು ಗೋಳೋ ಎಂದು ಅತ್ತಳು. ಅಳುತ್ತಲೇ, "ತಟ್ಟೆ ಯಾವ ಬಣ್ಣದ್ದು?" ಎಂದು ಕೇಳಿದಳು.

"ನೀಲಿ," ಎಂದ ಲೋಹಿತ್. ಅವನೂ ಟವೆಲಿನಲ್ಲಿ ಕಣ್ಣು ಒರೆಸಿಕೊಂಡ.

ಬ್ಲೇಡು ನಿಂತಿತು. ಹಸಿರು ದೀಪ! "ದಯವಿಟ್ಟು ಗಮನಿಸಿ. ದಾಂಪತ್ಯ ನಿಸ್ಸಂದೇಹವಾಗಿ ಸಾಬೀತಾಗಿದೆ." ಬಾಗಿಲು ತೆರೆಯಿತು. ಒಂದು ಕಾಗದದ ಅಂಚೂ ಹರಿದಿರಲಿಲ್ಲ. ನಾನು ಫೈಲು ಎತ್ತಿ ತಂಗಿಯ ಮಡಿಲಿಗೆ ಹಾಕಿ ಅವಳನ್ನು ಕಾರಿಗೆ ತಳ್ಳಿದೆ. ಬೆಂಗಳೂರಿನ ಟ್ರಾಫಿಕ್ಕು ದಾಟಿ ನಾವು ವೀಸಾ ಕೌಂಟರ್ ಮುಟ್ಟಿದಾಗ ಎರಡು ಗಂಟೆ ಇಪ್ಪತ್ತಾರು ನಿಮಿಷ.

"ಅಲ್ರೀ, ಅವರು ಜಗಳ ಆಡಿದ್ದಕ್ಕೆ ಯಾಕೆ ಬಾಗಿಲು ತೆಗೀತು?" ಎಂದು ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ.

ಯಜಮಾನರು ಕಿಟಕಿಯ ಕಡೆ ಮುಖ ಮಾಡಿದರು. "ದಾಂಪತ್ಯ ಅಂದ್ರೆ ಹೇಗಿರುತ್ತೆ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ? ಮೂರು ತಿಂಗಳು ನಮ್ಮನೆ ಹಾಲ್‌ನಲ್ಲಿ ಮೈಕ್ ಇಟ್ಟು ಕಲಿಸ್ದೆ."

ಏಳು ವಾರಕ್ಕೆ ವೀಸಾ ಬಂತು. ಚಂದನಾ ಹೊರಟಳು. ವಿಮಾನ ನಿಲ್ದಾಣದಿಂದ ಬಂದ ಮೇಲೆ ಮನೆ ಬಿಕೋ ಎಂದಿತು. ಸಾಕಿ ಬೆಳೆಸಿದ ತಂಗಿ. ಅವಳ ಸುಖಕ್ಕೇ ಹೋಗಿದ್ದರೂ ಕರುಳು ಕೇಳುತ್ತದೆಯೇ? ನಾನು ಮೂರು ದಿನ ತುಟಿ ಬಿಚ್ಚಲಿಲ್ಲ. ಯಜಮಾನರೂ ಉಪ್ಪಿಲ್ಲದ ಸಾರನ್ನು ತೆಪ್ಪಗೆ ಉಂಡು ಎದ್ದರು.

ನಾಲ್ಕನೇ ದಿನ ಬೆಳಿಗ್ಗೆ ಹಾಲ್‌ನಲ್ಲಿ ಕೆಂಪು ದೀಪ ಹೊತ್ತಿತು. "ಈ ಮನೆಯಲ್ಲಿ ದಾಂಪತ್ಯದ ಕುರುಹು ಇಲ್ಲ," ಎಂದಿತು ಯಂತ್ರ. ಪಕ್ಕದ ಮೇಜಿನ ಮೇಲಿದ್ದ ನಮ್ಮ ರೇಷನ್ ಕಾರ್ಡು, ಗ್ಯಾಸ್ ಪುಸ್ತಕ ಎರಡನ್ನೂ ಸರ್ರನೆ ಒಳಗೆಳೆದುಕೊಂಡಿತು!

ಅವತ್ತಿನಿಂದ ದಿನಾ ಕಾಫಿ ಆದ ಮೇಲೆ ನಾವಿಬ್ಬರೂ ಬೀರುವಿನ ಮುಂದೆ ನಿಂತು ಹತ್ತು ನಿಮಿಷ ಜಗಳವಾಡುತ್ತೇವೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ವಿಷಯಕ್ಕೇನೂ ಬರವಿಲ್ಲ.