ದರೋಡೆ ಸಿನಿಮಾದಲ್ಲಿ ದೇವರು ಬಾಗಿಲು ತಟ್ಟಿದ್ದು

ಯಾವ ಸಿನಿಮಾ ಬೇಕಾದರೂ ತನ್ನಿ, ಅದರಲ್ಲಿ ಯೇಸುಸ್ವಾಮಿಯನ್ನು ತೋರಿಸದೆ ಹೋದರೆ ನನ್ನ ಹೆಸರು ಎಲ್ಪಿದಿಯೊ ಅಲ್ಲ ಎಂದು ಎಲ್ಪಿದಿಯೊ ಚರ್ಚಿನ ಸಮಿತಿಯ ಮುಂದೆ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ಇಯೋಲೆಯ ಕಾಫಿ ಬಟ್ಟಲು ತಟ್ಟೆ ಬಿಟ್ಟು ಜಿಗಿಯಿತು. ಧರ್ಮಯುದ್ಧ ಶುರುವಾದದ್ದು ಹೀಗೆ.

ಯುದ್ಧ ನಡೆದದ್ದು ಚರ್ಚಿನ ಪಕ್ಕದ ಹಳೆಯ ಸಭಾಂಗಣಕ್ಕಾಗಿ. ಎಲ್ಪಿದಿಯೊ ನಿವೃತ್ತ ಅಂಚೆಯವ. ಭಾನುವಾರ ಮಧ್ಯಾಹ್ನ ಅಲ್ಲಿ ಸಿನಿಮಾ ತೋರಿಸುತ್ತಿದ್ದ. ಮುಗಿದ ಕೂಡಲೇ ಯಾರೂ ತಪ್ಪಿಸಿಕೊಳ್ಳದಂತೆ ಬಾಗಿಲಲ್ಲಿ ನಿಂತು ಚರ್ಚೆ ನಡೆಸುತ್ತಿದ್ದ. ಪ್ರೇಮಕಥೆಯೋ ಪತ್ತೇದಾರಿಯೋ, ಮುದುಕರು ಮೀನು ಹಿಡಿಯುವ ಕಥೆಯೋ, ಅವನಿಗೆ ಎಲ್ಲವೂ ಒಂದೇ. ಅದರೊಳಗೆ ಎಲ್ಲೋ ಒಂದು ಶಿಲುಬೆ, ಒಂದು ಕ್ಷಮೆ, ಒಬ್ಬ ದಾರಿ ತಪ್ಪಿದ ಮಗ ಸಿಗಲೇಬೇಕು. ಇತ್ತ ಇಸ್ಪೀಟು ಮಂಡಳಿಯ ಅಧ್ಯಕ್ಷೆ ಇಯೋಲೆಗೆ ಅದೇ ಭಾನುವಾರ, ಅದೇ ಸಭಾಂಗಣ ಬೇಕಿತ್ತು.

"ಸಂತರ ಸಿನಿಮಾ ತೋರ್ಸು, ಯಾರು ಬೇಡ ಅಂತಾರೆ? ಮುದ್ದಾಡೋರು, ಹೊಡೆದಾಡೋರ ಮಧ್ಯೆ ದೇವರನ್ನ ಯಾಕೆ ಎಳೀತೀಯ?" ಅಂದಳು ಇಯೋಲೆ.

"ಸಂತರ ಸಿನಿಮಾದಲ್ಲಿ ದೇವರನ್ನ ಹುಡುಕೋದು ಹಿಟ್ಟಿನ ಡಬ್ಬೀಲಿ ಹಿಟ್ಟು ಹುಡುಕಿದ ಹಾಗೆ. ಪ್ರಭು ಊಟಕ್ಕೆ ಕೂತದ್ದು ಸುಂಕದವರ ಜತೆ, ಪಾಪಿಗಳ ಜತೆ. ನಿನ್ನ ಮಂಡಳಿಯಂಥ ಮರ್ಯಾದಸ್ಥರ ಜತೆ ಅಲ್ಲ."

"ಹಂಗಾದ್ರೆ ಈ ಸಲ ಸಿನಿಮಾ ನಾನು ಆರಿಸ್ತೀನಿ. ಅದರಲ್ಲಿ ನಿನಗೆ ದೇವರು ಸಿಗದಿದ್ರೆ ಸಭಾಂಗಣದ ಕೀಲಿಕೈ ನನಗೆ."

ಪಾದ್ರಿ ದೋನ್ ಉಬಾಲ್ದೊ ಕರವಸ್ತ್ರದೊಳಗೆ ಕೆಮ್ಮಿದರು. ಚಳಿಗಾಲ ಹೋದರೂ ಅವರ ಕೆಮ್ಮು ಹೋಗಿರಲಿಲ್ಲ. "ಆಗಲಿ," ಅಂದರು. ಅವರಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಶಾಂತಿ ಮತ್ತು ಒಂದು ಲೋಟ ಬಿಸಿ ಹಾಲು.

ಇಯೋಲೆ ಹುಡುಕಿ ಹುಡುಕಿ ಒಂದು ಬ್ಯಾಂಕ್ ದರೋಡೆಯ ಸಿನಿಮಾ ತಂದಳು. ಅದರ ಡಿವಿಡಿ ಹೊದಿಕೆಯ ಮೇಲೆಯೇ ಮೂರು ಬಂದೂಕು, ಒಂದು ಉರಿಯುವ ಕಾರು.

ಅದು ಈಸ್ಟರ್‌ಗೆ ಮುಂಚೆ ಪಾದ್ರಿಗಳು ಮನೆ ಮನೆಗೆ ಬಂದು ಪವಿತ್ರಜಲ ಚಿಮುಕಿಸಿ ಹೋಗುವ ಕಾಲ. ಎಲ್ಪಿದಿಯೊನ ಹೆಂಡತಿ ದೆರ್ನಾ ಪರದೆ ಒಗೆದು, ಬೀರುವಿನ ಹಿಂದಿನ ಗೋಡೆಯನ್ನೂ ಉಜ್ಜಿ, ಯಾರೂ ನೋಡದ ಅಟ್ಟವನ್ನು ದೇವರಾದರೂ ನೋಡಲಿ ಎಂದು ಬಳಿದಿದ್ದಳು. ಮೇಜಿನ ಮೇಲೆ ಬಿಳಿ ಹಾಸು, ಅದರ ಮೇಲೆ ಆಶೀರ್ವಾದಕ್ಕೆ ಕಾದ ಮೊಟ್ಟೆಗಳು. ಅಷ್ಟರಲ್ಲಿ ಬೇಕರಿಯ ಒಲೆಯಲ್ಲಿ ಅವಳ ಈಸ್ಟರ್ ಚೀಸ್ ಬ್ರೆಡ್ಡಿನ ಸರದಿ ಬಂತು. ಉಬ್ಬಿದ ಹಿಟ್ಟು ಯಾರಿಗೂ ಕಾಯುವುದಿಲ್ಲ.

"ಇವತ್ತು ದೋನ್ ಉಬಾಲ್ದೊ ನಮ್ಮ ಕಟ್ಟಡಕ್ಕೆ ಬರ್ತಾರೆ. ಬಾಗಿಲು ತೆಗಿ. ಅಷ್ಟೇ. ವಾದ ಮಾಡಬೇಡ, ಸಿನಿಮಾ ಕಥೆ ಹೇಳಬೇಡ. ಬಾಗಿಲು ತೆಗಿ."

"ಕೆಲಸಕ್ಕೆ ಸೇರಿದ ದಿನದಿಂದ ಊರಿನ ಬಾಗಿಲೆಲ್ಲ ತಟ್ಟಿದವನು ಕಣೇ ನಾನು. ನನಗೇ ಬಾಗಿಲಿನ ಪಾಠ ಹೇಳ್ತೀಯಾ?"

"ತಟ್ಟೋದು ನಿನಗೆ ಗೊತ್ತು. ತೆಗೆಯೋದು ನಾನು ಇನ್ನೂ ನೋಡಿಲ್ಲ," ಎಂದು ದೆರ್ನಾ ತಟ್ಟೆ ಹೊತ್ತು ಮೆಟ್ಟಿಲಿಳಿದಳು.

ಕರೆಗಂಟೆ ಕ್ರಿಸ್ಮಸ್‌ನಿಂದ ಕೆಟ್ಟಿತ್ತು. ರಿಪೇರಿ ಎಲ್ಪಿದಿಯೊನ ಜವಾಬ್ದಾರಿ, ಅಂದರೆ ಯಾರದೂ ಅಲ್ಲ.

ಅವನು ಇಯೋಲೆ ತಂದ ಸಿನಿಮಾವನ್ನು ಟಿವಿಯಲ್ಲಿ ಹಾಕಿದ. ಕಿವಿ ಕೊಂಚ ಮಂದ, ಹಾಗಾಗಿ ಸದ್ದು ಪೂರ್ತಿ. ಗುಂಡು ಹಾರಿತು, ಗಾಜು ಒಡೆಯಿತು, ಕಾರು ಉರಿಯಿತು. ದೇವರ ಸುಳಿವಿಲ್ಲ. ಸತ್ತವರಲ್ಲಿ ಯಾರಾದರೂ ಎದ್ದಾರೇ ಎಂದು ಕಾದು ನೋಡಿದ. ಒಬ್ಬನೂ ಏಳಲಿಲ್ಲ. ಕೀಲಿಕೈ ಇಯೋಲೆಯ ಕೈಚೀಲಕ್ಕೆ ಜಾರುತ್ತಿರುವುದು ಕಣ್ಣಿಗೆ ಕಟ್ಟಿತು, ಬೆವರು ಬಂತು.

ಆಗ ಗುಂಡೇಟು ತಿಂದ ಕಳ್ಳನೊಬ್ಬ ಸುರಿಯುವ ಮಳೆಯಲ್ಲಿ ಯಾವುದೋ ಮನೆಯ ಬಾಗಿಲಿಗೆ ಬಂದು ಮುಷ್ಟಿಯಿಂದ ಗುದ್ದಿದ. ಧಬ್, ಧಬ್, ಧಬ್. ಅದರ ಹಿಂದೆಯೇ ಇನ್ನೊಂದು ಸದ್ದು. ಟಕ್ ಟಕ್. ಎರಡೇ ಬೆರಳಿನದು, ಮೆತ್ತಗೆ, ಅವಸರವಿಲ್ಲದ್ದು. ಒಂದು ಸಣ್ಣ ಕೆಮ್ಮು. ಮತ್ತೆ ಟಕ್ ಟಕ್.

ಎಲ್ಪಿದಿಯೊನ ಮೈ ಜುಮ್ಮೆಂದಿತು. ಕಳ್ಳ ಗುದ್ದುತ್ತಾನೆ, ಆದರೆ ಅವನ ಬೆನ್ನ ಹಿಂದೆ ನಿಂತು ತಟ್ಟುವವನು ಬೇರೆ! ದೇವರು ಮುಷ್ಟಿ ಬಿಗಿಯುವುದಿಲ್ಲ, ಎರಡು ಬೆರಳಿನಿಂದ ಕರೆಯುತ್ತಾನೆ. ಎಂಥ ನಿರ್ದೇಶಕ, ಎಂಥ ಶಬ್ದ, ಸಾಕ್ಷಾತ್ ನಮ್ಮ ಮನೆ ಬಾಗಿಲಲ್ಲೇ ಕೇಳಿದ ಹಾಗಿದೆ! ಅವನು ಅಲ್ಲೇ ಮಂಡಿಯೂರಿ ಪ್ರಭುವಿಗೆ ವಂದಿಸಿದ. ಏಳುವ ಹೊತ್ತಿಗೆ ಟಕ್ ಟಕ್ ನಿಂತಿತ್ತು. ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಬಹುದಿತ್ತು. ಆದರೆ ಖಚಿತ ಮಾಡಿಕೊಳ್ಳುವುದು ಅಲ್ಪವಿಶ್ವಾಸಿಗಳ ಕೆಲಸ.

ದೆರ್ನಾ ಬಿಸಿ ಬ್ರೆಡ್ಡಿನೊಂದಿಗೆ ಬಂದಾಗ ಅವನು ಕಿಟಕಿಗೆ ಭಾಷಣ ಮಾಡುತ್ತಿದ್ದ.

"ದೋನ್ ಉಬಾಲ್ದೊ ಬಂದಿದ್ರಾ?"

"ನರಪಿಳ್ಳೆಯೂ ಬರಲಿಲ್ಲ."

ದೆರ್ನಾ ಮೊಟ್ಟೆಗಳನ್ನು ಮುಟ್ಟಿ ನೋಡಿದಳು. ಒಣಗಿದ್ದವು. ಆಶೀರ್ವಾದವಾದ ಮನೆಯಲ್ಲಿ ಪಾದ್ರಿಗಳು ಬಿಟ್ಟುಹೋಗುವ ಪುಟ್ಟ ದೇವರ ಪಟವೂ ಇರಲಿಲ್ಲ. ಅವಳು ಮೆಟ್ಟಿಲು ಹತ್ತಿಳಿದು ವಿಚಾರಿಸಿ ಬಂದಳು. "ಕೆಳಗಿನ ಮನೆಗೆ ಬಂದಿದ್ದಾರೆ. ಮೇಲಿನ ಮನೆಗೂ ಬಂದಿದ್ದಾರೆ. ನಮ್ಮ ಮನೆ ಏನು, ಚರಂಡಿ ಅಂತ ಹಾರಿ ದಾಟಿದ್ರಾ?"

ಎಲ್ಪಿದಿಯೊನ ತಲೆಯಲ್ಲಿ ಕಿಡಿ ಹೊತ್ತಿತು. ಸೇಡು! ಅವನು ನೇರ ಚೌಕದ ಕಾಫಿ ಅಂಗಡಿಗೆ ನಡೆದ. "ಸಿನಿಮಾದಲ್ಲಿ ಭಕ್ತಿ ಹುಡುಕಿದ ತಪ್ಪಿಗೆ ನನ್ನ ಹೆಂಡತಿಯ ಮೊಟ್ಟೆಗೆ ಪವಿತ್ರಜಲ ಇಲ್ಲ, ಕೇಳಿದ್ರಾ? ಇಯೋಲೆ ಕಿವಿ ಕಚ್ಚಿದ್ದಾಳೆ, ಪಾದ್ರಿ ತಲೆಯಾಡಿಸಿದ್ದಾರೆ."

ಸಂಜೆಯೊಳಗೆ ಊರು ಎರಡಾಯಿತು. ಚರ್ಚಿನ ಪೀಠದ ವಸ್ತ್ರಗಳನ್ನು ಮದುವೆಯಾದಾಗಿನಿಂದ ಇಸ್ತ್ರಿ ಮಾಡಿಕೊಡುತ್ತಿದ್ದ ದೆರ್ನಾ ಇಸ್ತ್ರಿಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. "ಈ ಈಸ್ಟರ್‌ಗೆ ಸುಕ್ಕು ಬಟ್ಟೆ ಮೇಲೇ ಪೂಜೆ ಮಾಡ್ಲಿ." ದೋನ್ ಉಬಾಲ್ದೊ ದಾರಿಯಲ್ಲಿ ಸಿಕ್ಕಿ, "ಎಲ್ಪಿದಿಯೊ, ಅವತ್ತು ನಾನು..." ಎನ್ನುವಷ್ಟರಲ್ಲಿ ಕೆಮ್ಮು ಅಡ್ಡ ಬಂತು.

"ಬೇಡಿ ಸ್ವಾಮಿ. ಉತ್ತರ ಭಾನುವಾರ ಪರದೆ ಮೇಲೆ ಸಿಗತ್ತೆ."

ಭಾನುವಾರ ಸಭಾಂಗಣದಲ್ಲಿ ಉಸಿರಾಡಲು ಜಾಗವಿಲ್ಲ. ಮುಂದಿನ ಸಾಲಿನಲ್ಲಿ ದೋನ್ ಉಬಾಲ್ದೊ, ಪಕ್ಕದಲ್ಲಿ ಇಯೋಲೆ. ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತ ದೆರ್ನಾ. ಮಳೆಯ ದೃಶ್ಯ ಬರುವ ಮುಂಚೆ ಎಲ್ಪಿದಿಯೊ ಸಿನಿಮಾ ನಿಲ್ಲಿಸಿದ.

"ಈಗ ಕಿವಿ ತೆರೀರಿ. ಕಳ್ಳ ಗುದ್ದುತ್ತಾನೆ, ಅದು ನಾವು. ಆಮೇಲೆ ಮೆತ್ತಗೆ ತಟ್ಟುವ ಸದ್ದು ಬರತ್ತೆ, ಒಂದು ಕೆಮ್ಮು ಬರತ್ತೆ, ಸಾಕ್ಷಾತ್ ನಮ್ಮ ಮನೆ ಬಾಗಿಲಲ್ಲೇ ಕೇಳಿದ ಹಾಗೆ. ಅದು ಅವನು! ಬಾಗಿಲ ಹೊರಗೆ ತಾಳ್ಮೆಯಿಂದ ನಿಂತಿದ್ದಾನೆ. ಆ ಸದ್ದು ಕೇಳಿಯೂ ಬಾಗಿಲು ತೆಗೆಯದ ಪಾಷಾಣ ಹೃದಯದವರು ಈ ಊರಲ್ಲೂ ಇದ್ದಾರೆ." ಹೀಗೆಂದು ಮುಂದಿನ ಸಾಲನ್ನು ದುರುಗುಟ್ಟಿ ನೋಡಿದ.

ಸಿನಿಮಾ ಓಡಿತು. ಧಬ್, ಧಬ್, ಧಬ್. ಹೆಂಗಸೊಬ್ಬಳು ಬಾಗಿಲು ತೆಗೆದಳು. ಕಳ್ಳ ಒಳಗೆ ಬಿದ್ದ.

"ಕೆಮ್ಮೆಲ್ಲಿ?" ಅಂದಳು ಇಯೋಲೆ.

ಎಲ್ಪಿದಿಯೊ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಧಬ್, ಧಬ್, ಧಬ್. ಹೆಂಗಸು, ಬಾಗಿಲು, ಕಳ್ಳ. ಸದ್ದು ಜಾಸ್ತಿ ಮಾಡಿ ಮತ್ತೆ ಹಾಕಿದ. ಈ ಸಲ ಮಳೆಹನಿಯೂ ಕೇಳಿಸಿತು, ಅವನು ಮಾತ್ರ ಕೇಳಿಸಲಿಲ್ಲ.

ಆಗ ದೋನ್ ಉಬಾಲ್ದೊ ಮುಂದೆ ಬಾಗಿ, ಕುರ್ಚಿಯ ಮರದ ಕೈಯನ್ನು ಎರಡು ಬೆರಳಿನಿಂದ ತಟ್ಟಿದರು. ಟಕ್ ಟಕ್. ಆಮೇಲೆ, ಬೇಕೆಂದಲ್ಲ ಪಾಪ, ಕೆಮ್ಮಿದರು.

"ಇದೇನಾ, ಎಲ್ಪಿದಿಯೊ? ಒಳಗೆ ಗುಂಡು ಹಾರ್ತಿತ್ತು. ಕಾದೆ, ತಟ್ಟಿದೆ, ಮತ್ತೆ ತಟ್ಟಿದೆ. ತೆಗೆಯಲಿಲ್ಲವಪ್ಪ ನೀನು."

ಸಭಾಂಗಣ ಛಾವಣಿ ಹಾರುವಂತೆ ನಕ್ಕಿತು. ನಗದವಳು ಒಬ್ಬಳೇ. ದೆರ್ನಾ ಎದ್ದು, ಶಾಲು ಹೊದ್ದು, ಗಂಡನ ಕಡೆ ನೋಡದೆ ಹೊರಟುಹೋದಳು.

ಇಯೋಲೆ ಕೈ ಚಾಚಿದಳು. "ಕೀಲಿಕೈ."

ಎಲ್ಪಿದಿಯೊನ ಕಿವಿ ಕೆಂಡವಾಗಿತ್ತು. ಆದರೂ ಅವನು ಮೇಜು ಗುದ್ದಿದ. "ಕೊಡಲ್ಲ. ನಿರಪರಾಧಿ ಪಾದ್ರಿಯನ್ನ ಚೌಕದಲ್ಲಿ ನಿಂತು ಬೈದೆ, ಅದು ನನ್ನ ಪಾಪ, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಆದರೆ ಸಿನಿಮಾದ ಮೇಲೆ ಆ ಪಾಪ ಹೊರಿಸಬೇಡಿ. ಬೇಡುವವನು ಸಿನಿಮಾದಲ್ಲಿದ್ದಾನೆ, ಬಾಗಿಲು ತೆಗೆದ ಪುಣ್ಯಾತ್ಗಿತ್ತಿ ಇದ್ದಾಳೆ. ಇಲ್ಲದೆ ಇದ್ದದ್ದು ಬಾಗಿಲು ತೆಗೆಯದ ಮೂರ್ಖ ಒಬ್ಬನೇ. ಅವನನ್ನ ನಾನು ಒದಗಿಸಿದ್ದೀನಿ!"

ದೋನ್ ಉಬಾಲ್ದೊ ಕಣ್ಣೊರೆಸಿಕೊಂಡರು. "ಕೀಲಿಕೈ ಅವನ ಹತ್ರಾನೇ ಇರ್ಲಿ, ಇಯೋಲೆ. ನನ್ನ ಪ್ರವಚನ ಇಷ್ಟು ಜನರಿಗೆ ಯಾವತ್ತೂ ಮುಟ್ಟಿಲ್ಲ. ಎಲ್ಪಿದಿಯೊ, ನಾಳೆ ಬರ್ತೀನಿ. ಕಿವಿ ಮನೇಲಿರಲಿ."

ಗೆದ್ದ ಸೇನಾಪತಿಯಂತೆ ಎಲ್ಪಿದಿಯೊ ಮನೆಗೆ ನಡೆದ. ಸಭಾಂಗಣದ ಕೀಲಿಕೈ ಜೇಬಿನಲ್ಲಿ ಭದ್ರವಾಗಿತ್ತು. ಮನೆಯ ಬಾಗಿಲಿಗೆ ಮಾತ್ರ ಒಳಗಿನಿಂದ ಚಿಲಕ ಬಿದ್ದಿತ್ತು.

ಕರೆಗಂಟೆ ಒತ್ತಿದ. ಅದು ಕ್ರಿಸ್ಮಸ್‌ನಿಂದ ಕೆಟ್ಟಿತ್ತು. ಮುಷ್ಟಿಯಿಂದ ಗುದ್ದಿದ. ಉತ್ತರವಿಲ್ಲ. ಕೊನೆಗೆ ಎರಡು ಬೆರಳು ಮಡಿಸಿ ಮೆತ್ತಗೆ ತಟ್ಟಿದ, ಟಕ್ ಟಕ್. ಸ್ವಲ್ಪ ಕೆಮ್ಮಿಯೂ ನೋಡಿದ.

ಒಳಗೆ ಟಿವಿಯ ಸದ್ದು ಜೋರಾಯಿತು. ಅದರ ಮೇಲೆ ದೆರ್ನಾಳ ದನಿ ಕೇಳಿಸಿತು:

"ಆಹಾ, ಎಂಥ ಸಿನಿಮಾ! ಸಾಕ್ಷಾತ್ ನಮ್ಮ ಮನೆ ಬಾಗಿಲಲ್ಲೇ ಕೇಳಿದ ಹಾಗಿದೆ."