ಗೌರವಾಧ್ಯಕ್ಷನ ಕೈಗೆ ಸಿಕ್ಕಿದ ಮೈಕು

ಇದನ್ನು ಹೇಳಬೇಕೆಂದು ಹೊರಟು ಎಷ್ಟೋ ಸಲ ಬೇರೇನೋ ಹೇಳಿ ಮುಗಿಸಿದ್ದೇನೆ. ಕಷ್ಟದ ಮಾತು ಎದುರಾದಾಗ ಕರಿಮೆಣಸಿನ ರೇಟು, ಕಾಡುಹಂದಿಯ ಕಾಟ, ನನ್ನ ಮೊಣಗಂಟಿನ ನೋವು, ಇವುಗಳಲ್ಲಿ ಯಾವುದಾದರೊಂದು ನನ್ನ ಸಹಾಯಕ್ಕೆ ಬಂದೇ ಬರುತ್ತದೆ. ಇವತ್ತು ಯಾವುದನ್ನೂ ಕರೆಯುವುದಿಲ್ಲ.

ನಾನು ನಮ್ಮೂರ ಯುವಕ ಮಂಡಲದ ಗೌರವಾಧ್ಯಕ್ಷ. ತಲೆಯಲ್ಲಿ ಒಂದೂ ಕರಿಕೂದಲು ಉಳಿಯದವನಿಗೆ ಯುವಕ ಮಂಡಲದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಮಂಡಲಕ್ಕೆ ಸೇರಲು ವಯಸ್ಸಿನ ಮಿತಿ ಇದೆ, ಬಿಡಲು ಇಲ್ಲ. ಅಧ್ಯಕ್ಷಗಿರಿ ಬಿಟ್ಟವನನ್ನು ಗೌರವಾಧ್ಯಕ್ಷನನ್ನಾಗಿ ಮಾಡುವುದು ನಮ್ಮಲ್ಲಿ ಪದ್ಧತಿ. ಅವನಿಗೆ ಜವಾಬ್ದಾರಿ ಏನೂ ಇಲ್ಲ, ವೇದಿಕೆಯಲ್ಲಿ ಒಂದು ಕುರ್ಚಿ ಮಾತ್ರ. ತೊಂದರೆ ಏನೆಂದರೆ ಆ ಕುರ್ಚಿಗೆ ಮೈಕು ಬಹಳ ಹತ್ತಿರ. ನಾನು ಓದಿದ್ದು ಹೈಸ್ಕೂಲಿನವರೆಗೆ. ಮೈಕು ಹಿಡಿದಾಗ ಅದು ಯಾರಿಗೂ ಗೊತ್ತಾಗಬಾರದೆಂಬ ಹಟ. "ಮೈಕು ಸಿಕ್ಕಿದ್ರೆ ನಿಮಗೆ ಊಟ ಬೇಡ, ಸರಿ. ನಮಗಾದ್ರೂ ಬೇಡ್ವಾ?" ಎಂದು ನನ್ನ ಹೆಂಡತಿ ಸಭೆಯಲ್ಲೇ ಗೊಣಗಿದ್ದಿದೆ.

ಕೆಲವು ವರ್ಷಗಳ ಹಿಂದೆ ಸವಣೂರಿನಲ್ಲಿ ಸುತ್ತಲಿನ ಮಂಡಲಗಳ ಹುಡುಗ ಹುಡುಗಿಯರಿಗೆ ನಾಯಕತ್ವ ಶಿಬಿರ ನಡೆಯಿತು. ಸಮಾರೋಪವನ್ನು ಅವರೇ ನಡೆಸಬೇಕು, ಹಿರಿಯರು ಬಾಯಿ ಮುಚ್ಚಿ ಕೂರಬೇಕು ಎಂಬ ನಿಯಮ ಮಾಡಿದವನು ನಾನೇ. ಯುವಜನರಿಗೆ ಬಿಟ್ಟುಕೊಡಲು ಕಲಿಯಬೇಕು ಎಂದು ಬೆಳಿಗ್ಗೆ ದೀರ್ಘ ಭಾಷಣವನ್ನೂ ಮಾಡಿದ್ದೆ.

ಸಮಾರೋಪದ ಅಧ್ಯಕ್ಷತೆ ನಮ್ಮ ಮಂಡಲದ ಒಬ್ಬ ಹುಡುಗಿಯದು. ಊರು ಕೊಲ್ಲಮೊಗ್ರು, ನಮ್ಮೂರಿನ ಅಜ್ಜಿ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ವೇದಿಕೆ ಹತ್ತಿದ್ದು ಅದೇ ಮೊದಲು. ಎದುರಿನ ಸಾಲಿನಲ್ಲಿ ನಮ್ಮೂರ ಪಂಚಾಯತಿನವರು, ಶಾಲಾ ಸಮಿತಿಯವರು. "ನಮಗೆ ಹುಡುಗಿಯರಿಗೆ ಒಂದು ವಿಷಯ ಕೇಳ್ಲಿಕ್ಕುಂಟು" ಎಂದಳು. ನಿಲ್ಲಿಸಿದಳು. ಕಣ್ಣು ಮುಚ್ಚಿ ಉಸಿರೆಳೆದಳು.

ನನಗೆ ಮೌನ ಆಗಿಬರುವುದಿಲ್ಲ. ಬೇರೆಯವರ ಮೌನವಂತೂ ಸುತರಾಂ ಇಲ್ಲ. ಪಾಪ, ಮರೆತುಬಿಟ್ಟಳು ಎಂದುಕೊಂಡು ಎದ್ದು ಹೋಗಿ ಮೈಕು ತೆಗೆದುಕೊಂಡೆ. "ಹೆದರುದು ಬೇಡ ಮಗಾ, ನಾನಿದ್ದೇನೆ" ಎಂದೆ, ಅದೂ ಮೈಕಿನಲ್ಲೇ. ಸಭೆ ನಕ್ಕಿತು. ಆಮೇಲೆ ಯುವಜನರು ಧೈರ್ಯವಾಗಿ ಮಾತಾಡಬೇಕು ಎಂಬ ವಿಷಯದ ಮೇಲೆ ಧನ್ಯವಾದದವರೆಗೂ ನಾನೇ ಮಾತಾಡಿದೆ. ಅವಳು ಪಕ್ಕದಲ್ಲಿ, ಹೂಗುಚ್ಛ ಕೊಡಲು ಬಂದವಳ ಹಾಗೆ ನಿಂತಿದ್ದಳು.

ಹೊರಗೆ ಮಂಡಲದ ಕಾರ್ಯದರ್ಶಿ ಬಾಲಣ್ಣ ತಡೆದರು. "ಎಂತ ಮಾರಾಯ್ರೆ ನಿಮಗೆ ಅಷ್ಟು ಅರ್ಜೆಂಟು? ಅವಳು ಮರೆತದ್ದಲ್ಲ, ಉಸಿರು ತೆಗೊಂಡದ್ದು. ಶಾಲೆಯ ಮೈದಾನ ಸಂಜೆ ಹುಡುಗಿಯರ ಥ್ರೋಬಾಲಿಗೂ ಬಿಡಿ ಅಂತ ಕೇಳ್ಲಿಕ್ಕೆ ನಿಂತದ್ದು. ದೊಡ್ಡವರೆಲ್ಲ ಒಟ್ಟಿಗೆ ಸಿಗುದು ಇನ್ನು ಯಾವಾಗ?"

"ಅಷ್ಟೇ ಅಲ್ವಾ? ನಾನು ಕೇಳ್ತೇನೆ."

"ನೀವು ಕೇಳುದು ಬೇಡ. ಅವಳಿಗೆ ಕೇಳ್ಲಿಕ್ಕೆ ಬಿಟ್ಟಿದ್ರೆ ಸಾಕಿತ್ತು."

ಮೈದಾನ ವಾಲಿಬಾಲಿನ ಹುಡುಗರಿಗೇ ಉಳಿಯಿತು. ಮುಂದಿನ ಸಭೆಗೆ ಅವಳು ಬರಲಿಲ್ಲ, ಉಳಿದ ಹುಡುಗಿಯರೂ ಬರಲಿಲ್ಲ. ಈಗಿನವರಿಗೆ ಆಸಕ್ತಿಯೇ ಇಲ್ಲ ಎಂದು ನಾನು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದೆ. ತಪ್ಪು ನನ್ನದೆಂದು ಗೊತ್ತಿತ್ತು. ಆದರೂ ಅವಳ ಅಜ್ಜಿ ಮನೆಯ ಗೇಟಿನವರೆಗೆ ಹೋಗಿ, ಗೇಟು ಚೆನ್ನಾಗಿದೆ ಎಂದು ನೋಡಿಕೊಂಡು ವಾಪಸು ಬಂದೆ.

ಕಳೆದ ತಿಂಗಳು ಪಂಜದಿಂದ ಫೋನು. ಅವಳೇ. ಮದುವೆಯಾಗಿ ಅಲ್ಲಿಗೆ ಹೋದವಳು ಯುವತಿ ಮಂಡಲ ಕಟ್ಟಿದ್ದಾಳೆ. ಊರ ಸಭೆಯಲ್ಲಿ ಎದ್ದು ನಿಂತು ಮೈದಾನವನ್ನೂ ಕೇಳಿ ಪಡೆದಿದ್ದಾಳೆ. "ಥ್ರೋಬಾಲ್ ಪಂದ್ಯ ಉಂಟು ಮಾವ, ನೀವು ಬರ್ಲೇಬೇಕು. ಎರಡು ಮಾತಾಡಿ. ಎರಡೇ, ಆಯ್ತಾ?" ಎಂದು ನಕ್ಕಳು.

'ತಪ್ಪಾಯಿತು ಮಗಾ.' ನನ್ನಲ್ಲಿದ್ದದ್ದೂ ಎರಡೇ ಮಾತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. "ಪರವಾಗಿಲ್ಲ ಅಣ್ಣ, ಬಿಡಿ" ಎಂದು ಪಕ್ಕದ ಸೀಟಿನವರೇ ಸಮಾಧಾನ ಹೇಳುವಷ್ಟು ಚೆನ್ನಾಗಿ ಬರುತ್ತಿತ್ತು. ವೇದಿಕೆಯಲ್ಲಿ ಅವಳೇ ಮೈಕು ತಂದು ಕೈಗಿತ್ತಳು. ಎದುರಿಗೆ ನೋಡಿದೆ. ತುಂಬಿದ ಮೈದಾನ, ಒಳ್ಳೆಯ ಸೌಂಡು. "ನಾಯಕತ್ವ ಎಂದರೇನು?" ಎಂದು ಶುರುಮಾಡಿದೆ. ಎರಡೂ ತಂಡದವರು ನೆಟ್ಟಿನ ಹತ್ತಿರ ಬಿಸಿಲಿಗೆ ನಿಂತು ಅದೇನೆಂದು ಪೂರ್ತಿ ಕೇಳಬೇಕಾಯಿತು. ಮುಗಿದ ಮೇಲೆ ಅವಳು ಶಾಲು ಹೊದಿಸಿದಳು. ಮೈಕನ್ನು ಮೆಲ್ಲಗೆ ನನ್ನ ಬೆರಳುಗಳಿಂದ ಬಿಡಿಸಿಕೊಂಡಳು.

ಇಲ್ಲಿ ಮೈಕಿಲ್ಲ, ಹಾಗಾಗಿ ಬೇಗ ಮುಗಿಸುವ ಧೈರ್ಯವಿದೆ. ನಾನು ತಪ್ಪಾಯಿತು ಎನ್ನಬೇಕಾದದ್ದು, ಇನ್ನೂ ಎನ್ನದೆ ಉಳಿದದ್ದು, ಚೈತ್ರಾಳಿಗೆ.